ಸುರುಳಿ ಬಿಡದ ದಾರ

ಇವತ್ತು ಮಾರ್ಚ್ ಎಂಟು, ಭಾನುವಾರ, ಈಗ ಬೆಳಗ್ಗೆ ಎಂಟು ಗಂಟೆ ಹತ್ತು ನಿಮಿಷ. ಮೀನು ಹಿಡಿಯೋ ಸ್ಪರ್ಧೆ ಶುರುವಾಗೋದು ಒಂಬತ್ತಕ್ಕೆ. ಇನ್ನೂ ಐವತ್ತು ನಿಮಿಷ ಇದೆ, ಅವಸರ ಏನು ಮಾವ? ನೀವು ಆಗಲೇ ಕೆರೆಯ ಮಂಜುಗಡ್ಡೆ ಮೇಲೆ ಇಳಿದು ನಿಂತಿದ್ದೀರಿ, ಸಂತೋಷ. ನಾನು ಈ ದೋಣಿಕಟ್ಟೆ ಮೇಲೆ ಇನ್ನೊಂದು ನಿಮಿಷ ಇರ್ತೀನಿ. ಬರ್ತೀನಿ... ಬರಲ್ಲ ಅಂದ್ನಾ? ಬರ್ತೀನಿ. ಅದಕ್ಕೆ ಮುಂಚೆ ಗಾಳದ ದಾರದ ವಿಷಯ ಒಂದು ಮುಗಿಸಿಬಿಡೋಣ.

ಹಾಗೆ ನೋಡಬೇಡಿ. ದಾರ ಸಣ್ಣ ವಿಷಯ ಅಲ್ಲ.

ಹೌದು, ಕಾಣ್ತಾ ಇದೆ, ಇನ್ನೂರು ಜನ ಆಗಲೇ ಕೆರೆ ನಡುವೆ ಹೋಗಿದ್ದಾರೆ. ಸಾಸೇಜ್ ಸುಡೋರ ಟ್ರ್ಯಾಕ್ಟರೂ ಹೋಗಿದೆ. ಪಾದ್ರಿಯವರ ನಾಯಿನೂ ಹೋಗಿದೆ. ತಳ್ಳುಗಾಡಿಯಲ್ಲಿ ಕೂಸು ಕೂಡ ಹೋಗಿದೆ. ಹೋಗ್ಲಿ ಬಿಡಿ! ಅವರಲ್ಲಿ ಎಷ್ಟು ಜನ ದಾರದ ಬಗ್ಗೆ ಯೋಚನೆ ಮಾಡಿದ್ದಾರೆ? ಆ ಕೂಸಂತೂ ಮಾಡಿಲ್ಲ.

ಕೇಳಿ. ದಾರ ಮೂರು ಥರ. ಒಂದು, ಹೆಣೆದದ್ದು. ಬಲು ಗಟ್ಟಿ, ಹಿಗ್ಗಲ್ಲ, ಸುರುಳಿ ಬೀಳಲ್ಲ. ಆದರೆ ನೀರು ಕುಡಿಯುತ್ತೆ. ಕುಡಿದು ಮೇಲೆ ಬಂತೋ, ಮೈನಸ್ ಹದಿನೈದರಲ್ಲಿ ಕಡ್ಡಿ ಆಯ್ತು. ಕೋಲಿನ ತುದಿಯ ಬಳೆಗೆ ಕಚ್ಚಿಕೊಂಡರೆ ಬಿಡಲ್ಲ. ಎರಡು, ಫ್ಲೋರೋಕಾರ್ಬನ್. ನೀರು ಕುಡಿಯಲ್ಲ, ನೀರೊಳಗೆ ಕಣ್ಣಿಗೆ ಬೀಳಲ್ಲ, ಬೇಗ ಮುಳುಗುತ್ತೆ. ಆದರೆ ಬಿರುಸು. ಒಂದು ಸಲ ಸುತ್ತಿಕೊಂಡರೆ ಅದೇ ಹಟ. ನಿಮ್ಮ ಮಗಳ ಹಾಗೆ... ತಪ್ಪಾಯ್ತು. ಹಿಲ್ಲ ಒಳ್ಳೆಯವಳು. ಹೋಲಿಕೆಗೆ ಅಂದೆ.

ಮೂರು, ನೈಲಾನ್. ಮೆತ್ತಗೆ, ಅಗ್ಗ, ಚಳಿಗೂ ಸ್ವಲ್ಪ ಬಾಗುತ್ತೆ. ಅಹ್ವೆನ್ ಥರದ ಅಂಗೈ ಅಗಲದ ಪಟ್ಟೆಮೀನಿಗೆ ನೈಲಾನೇ ಸರಿ. ದಪ್ಪ ಎಷ್ಟು? ಪಾಯಿಂಟ್ ಒಂದು ಆರು ಮಿಲಿಮೀಟರ್. ಅದಕ್ಕಿಂತ ಸಣ್ಣದಾದರೆ ತಣ್ಣಗಾದ ಬೆರಳಿಗೆ ಸಿಗಲ್ಲ, ದಪ್ಪ ಆದರೆ ಸುರುಳಿ ಜಾಸ್ತಿ. ಸುಮ್ಮನೆ ಹೇಳ್ತಾ ಇಲ್ಲ. ಹದಿನೆಂಟು ತುಂಡು ಕತ್ತರಿಸಿ ಫ್ರೀಜರಿನಲ್ಲಿ ಇಟ್ಟಿದ್ದೆ, ಬಟಾಣಿ ಪೊಟ್ಟಣದ ಪಕ್ಕ. ಒಂದೊಂದಕ್ಕೂ ಚೀಟಿ. ಹಿಲ್ಲ ನೋಡದೆ ಒಂದನ್ನ ಸೂಪಿಗೆ ಹಾಕಿಬಿಟ್ಟಳು. ಆವತ್ತು ನೀವೂ ಊಟಕ್ಕೆ ಬಂದಿದ್ರಿ, ನೆನಪಿದೆಯಾ? ಹಲ್ಲಿನ ಸಂದಿಯಿಂದ ಎಳೆದು ಎಳೆದು ತಟ್ಟೆ ಅಂಚಿಗೆ ಇಟ್ಟಿರಿ. ಒಂದು ಮಾತು ಆಡಲಿಲ್ಲ. ನೀವು ಹೋದ ಮೇಲೆ ಅದನ್ನ ತೊಳೆದು ಅಳತೆ ಮಾಡಿದೆ ಮಾವ. ನೇರ! ಹದಿನೆಂಟರಲ್ಲಿ ನೇರ ಆಗಿದ್ದು ಅದೊಂದೇ. ಬಿಸಿನೀರು ಸುರುಳಿ ಬಿಡಿಸುತ್ತೆ ಅಂತ ಗೊತ್ತಾಗಿದ್ದೇ ಹಾಗೆ.

ಯಾಕೆ ನಗ್ತೀರಿ? ಮೀಸೆ ಅಲ್ಲಾಡ್ತು, ನೋಡಿದೆ.

ನಗಬೇಡಿ, ಇದು ಗೆಲ್ಲೋ ಸೋಲೋ ಮಾತು. ದಾರದಲ್ಲಿ ಒಂದು ಸುರುಳಿ ಉಳಿದರೂ ಅದು ಸ್ಪ್ರಿಂಗು. ಮೀನು ಕೆಳಗೆ ಮೆಲ್ಲಗೆ ಬಾಯಿ ಹಾಕುತ್ತೆ, ಸ್ಪ್ರಿಂಗು ಅಷ್ಟು ಬಿಚ್ಚಿಕೊಳ್ಳುತ್ತೆ, ಮೇಲೆ ಕೋಲಿನ ತುದಿ ಅಲ್ಲಾಡೋದೇ ಇಲ್ಲ. ಮೀನು ಬಂದಿದ್ದೂ ಗೊತ್ತಾಗಲ್ಲ, ಹೋಗಿದ್ದೂ ಗೊತ್ತಾಗಲ್ಲ. ನಾವು ಪೆದ್ದರ ಹಾಗೆ ಗಡ್ಡೆಗೆ ಕೊರೆದ ತೂತು ನೋಡ್ತಾ ಕೂತಿರ್ತೀವಿ.

ರೈಮೊ ಇದ್ದಿದ್ರೆ? ಗೊತ್ತು. ರೈಮೊ ಅವರು ಇಷ್ಟೆಲ್ಲ ಮಾತಾಡ್ತಿರಲಿಲ್ಲ. ಮೂವತ್ತೊಂದು ವರ್ಷ ನಿಮ್ಮ ಜೋಡಿ, ಮೂವತ್ತೊಂದು ವರ್ಷದಲ್ಲಿ ನೀವಿಬ್ಬರೂ ಆಡಿದ ಮಾತು ಒಂದು ಕಾಫಿ ಲೋಟಕ್ಕೆ ಸಾಲಲ್ಲ. ಈಗ ಅವರ ಸೊಂಟದ ಮೂಳೆ ಬದಲಾಯಿಸಿದ್ದಾರೆ, ಆಸ್ಪತ್ರೆಯಲ್ಲಿ ಮಲಗಿದ್ದಾರೆ. ಹೋದ ಭಾನುವಾರ ಊಟ ಮುಗಿಸಿ ನೀವು ಚಮಚ ಕೆಳಗಿಟ್ಟು ಹೇಳಿದ್ರಿ: "ಯೂಸೊ. ಜೋಡಿಗೆ ನಿನ್ನ ಹೆಸರು ಬರೆಸಿದೀನಿ." ಎರಡು ವಾಕ್ಯ! ನಮ್ಮ ಮದುವೆಯಲ್ಲಿ ನೀವು ಆಡಿದ್ದಕ್ಕಿಂತ ಜಾಸ್ತಿ. ಹಿಲ್ಲ ಅಡುಗೆಮನೆಗೆ ಹೋಗಿ ಅತ್ತಳು, ಗೊತ್ತಾ? ಆರು ವರ್ಷ ಆಯ್ತು, ಅಪ್ಪ ನಿನ್ನನ್ನ ಯಾವತ್ತೂ ಎಲ್ಲಿಗೂ ಕರೆದಿರಲಿಲ್ಲ ಅಂತ. ಅದಕ್ಕೇ ಹೇಳ್ತಾ ಇದೀನಿ, ಇವತ್ತು ಎಲ್ಲ ಸರಿಯಾಗಿ ಆಗ್ಬೇಕು. ನಾನು ನಿಮ್ಮ ಮರ್ಯಾದೆ ಕಳೆಯಬಾರದು.

ಬರ್ತೀನಿ ಅಂದ್ನಲ್ಲ! ಕೈ ಬೀಸಬೇಡಿ. ಬೂಟಿನ ಲಾಡಿ ಬಿಗಿ ಮಾಡ್ತಾ ಇದೀನಿ.

ಸುರುಳಿ ಯಾಕೆ ಬೀಳುತ್ತೆ? ಅಂಗಡಿಯಲ್ಲಿ ದಾರ ಸುತ್ತಿರೋ ಉರುಳೆ ಚಿಕ್ಕದು. ತಿಂಗಳುಗಟ್ಟಲೆ ಸುತ್ತಿಕೊಂಡಿದ್ದ ದಾರ ಆ ಆಕಾರ ಕಲಿತುಬಿಡುತ್ತೆ. ಚಳಿ ಆದಷ್ಟೂ ಕಲಿತದ್ದು ಮರೆಯಲ್ಲ. ಪರಿಹಾರ ಇದೆ. ದೊಡ್ಡ ಉರುಳೆಗೆ ಸುತ್ತಬೇಕು. ನಾನು ಹಬೆಸ್ನಾನದ ಸೌನಾ ಕೋಣೆಯ ಬಕೆಟ್ಟಿಗೆ ಸುತ್ತಿ ನೋಡಿದೀನಿ, ಚೆನ್ನಾಗಿತ್ತು. ಹಿಲ್ಲ ಕತ್ತಲಲ್ಲಿ ಬಕೆಟ್ ಎತ್ತೋವರೆಗೂ ಚೆನ್ನಾಗಿತ್ತು. ಇಲ್ಲ ಅಂದ್ರೆ ಉಗುರು ಬೆಚ್ಚಗಿನ ನೀರಲ್ಲಿ ಹತ್ತು ನಿಮಿಷ ನೆನೆಸಬೇಕು. ಅದೂ ಆಗದಿದ್ದರೆ ಇಬ್ಬರು ಎರಡು ತುದಿ ಹಿಡಿದು ಎಳೆಯಬೇಕು. ಮೆಲ್ಲಗೆ, ಒಂದೇ ಸಮನೆ, ಜಗ್ಗಬಾರದು.

ಎಲ್ಲಕ್ಕಿಂತ ಒಳ್ಳೇದು ಕೆಲಸ. ದಾರವನ್ನ ಒಂದು ಇಡೀ ದಿನ ನೀರಿಗೆ ಬಿಟ್ಟರೆ ಸಾಕು. ನೈಲಾನ್ ನೆನೆಯುತ್ತೆ, ಗಾಳದ ಭಾರ ಕೆಳಕ್ಕೆ ಎಳೆಯುತ್ತೆ, ಮೀನು ನಾಲ್ಕು ಸಲ ಜಗ್ಗುತ್ತೆ. ಅಷ್ಟೇ. ಒಂದು ದಿನ ನೀರು ಕಂಡ ದಾರ ಹಾಗೆ ಸುತ್ತಿಕೊಳ್ಳೋದೇ ಇಲ್ಲ. ಹತ್ತು ಭಾನುವಾರ ನೀರು ಕಂಡ ದಾರದ ಮಾತಂತೂ ಬಿಡಿ!

ಏನು? ಕೋಲು ಕೊಡಬೇಕಾ? ನನ್ನ ಕೋಲಾ?

ಯಾಕೆ ಮಾವ, ನಿಮ್ಮದಿದೆಯಲ್ಲ... ಕೊಡ್ತೀನಿ, ಕೊಡ್ತೀನಿ. ನೀವೇ ಕ್ರಿಸ್ಮಸ್ಸಿಗೆ ಕೊಟ್ಟಿದ್ದು, ನಾನು ಇಲ್ಲ ಅನ್ನಕ್ಕಾಗುತ್ತಾ? ಹಿಡೀರಿ. ದಾರನೂ ಅದೇ, ನೀವು ಸುತ್ತಿಕೊಟ್ಟಿದ್ದು. ಜೋಪಾನ. ಎಳೀಬೇಡಿ. ಎಳೆಯೋ ಅಗತ್ಯ ಏನಿದೆ ಈಗ, ಕೆರೆ ನಡುವೆ ಹೋಗಿ...

ಎಳೆದ್ರಾ.

ಹ್ಞಾಂ. ಸ್ವಲ್ಪ ಸುರುಳಿ ಇದೆ. ಚಳಿಗೆ. ಇಲ್ಲ, ಸ್ವಲ್ಪ ಅಲ್ಲ... ಹಂದಿ ಬಾಲದ ಹಾಗಿದೆ, ಒಪ್ಪಿದೆ. ಒಂದು ಹಂದಿಯಲ್ಲ, ಒಂದು ಹಟ್ಟಿ ಹಂದಿ. ಅದಕ್ಕೆ ಕಾರಣ ಇದೆ. ಯಾವ ಪ್ರಯೋಗಕ್ಕೂ ಏನೂ ಮಾಡದೆ ಬಿಟ್ಟ ಒಂದು ದಾರ ಬೇಕಾಗುತ್ತೆ, ಹೋಲಿಸಿ ನೋಡೋದಕ್ಕೆ. ಬಿಸಿನೀರು ಇಲ್ಲ, ಬಕೆಟ್ ಇಲ್ಲ, ಎಳೆದಿಲ್ಲ. ಇದೇ ಅದು. ವಿಜ್ಞಾನ ಮಾವ!

ನೀರೂ ಇಲ್ಲ ಅಂತೀರಾ?

ಇಲ್ಲ, ನೀವು ಏನೂ ಅಂದಿಲ್ಲ. ನಾನೇ ಅಂದೆ.

...

ಏನಾದ್ರೂ ಹೇಳಿ ಮಾವ. ಸುಮ್ಮನೆ ದಾರ ನೋಡ್ತಾ ನಿಂತರೆ ನನಗೆ ಹೇಗಾಗುತ್ತೆ? ಹತ್ತು ಭಾನುವಾರ ನಾನು ಮೀನು ತಂದಿಲ್ವಾ? ವಾರಕ್ಕೆ ಎಂಟು, ಒಂಬತ್ತು, ಒಂದು ಸಲ ಹದಿಮೂರು! ಹಿಲ್ಲ ಬೆಣ್ಣೆಯಲ್ಲಿ ಹುರಿದಳು, ನೀವು ಎರಡೆರಡು ಸಲ ಬಡಿಸಿಕೊಂಡು ತಿಂದ್ರಿ. ಹಾಗಾದ್ರೆ ಆ ಮೀನು ಎಲ್ಲಿಂದ ಬಂತು, ಹೇಳಿ!

ಬೆರಳು ಯಾಕೆ ಹಾಗೆ ಆಡಿಸ್ತೀರಿ? ಕತ್ತರಿ? ಕತ್ತರಿ... ಬಾಲ? ಬಾಲಕ್ಕೆ ಕತ್ತರಿ?

ಹೌದು, ಬಾಲದ ಮೇಲ್ತುದಿಯಲ್ಲಿ ಒಂದು ಸಣ್ಣ ಕಚ್ಚು ಇರ್ತಿತ್ತು. ಎಲ್ಲದಕ್ಕೂ ಇರ್ತಿತ್ತು. ನಾನು ಅಂದುಕೊಂಡೆ ಲೆಂಪಿ ಅಜ್ಜಿ... ಈ ಕೆರೆಯ ಮೀನಿನ ಜಾತಿಯೇ ಹಾಗೇನೋ ಅಂತ...

ಲೆಂಪಿ ಅಜ್ಜಿ ಅಂದ್ನಾ ನಾನು?

ಆಯ್ತು. ಪೆಟ್ರೋಲ್ ಬಂಕಿನ ಹಿಂದೆ ಅಜ್ಜಿಯ ಕೊಟ್ಟಿಗೆ ಇದೆಯಲ್ಲ, ಅಲ್ಲಿ ಮೀನು ಕೊಂಡ್ಕೊಳ್ತಿದ್ದೆ. ಅಜ್ಜಿ ಯಾರಿಂದ ತಗೊಳ್ತಾರೆ ಅಂತ ನಾನು ಕೇಳಲಿಲ್ಲ. ಕೇಳಬೇಕಿತ್ತು. ತಮ್ಮ ಮೀನು ಬೇರೆಯವರದರ ಜೊತೆ ಬೆರೀಬಾರದು ಅಂತ ಬಾಲಕ್ಕೆ ಕಚ್ಚು ಹಾಕೋರು ಯಾರು ಅಂತ...

ನೀವು. ಶುಕ್ರವಾರ ನೀವು ಹಿಡಿದು ಅಜ್ಜಿಗೆ ಕೊಟ್ಟಿದ್ದು. ಭಾನುವಾರ ನಾನು ಕೊಂಡಿದ್ದು. ಮಧ್ಯಾಹ್ನ ನೀವು ತಿಂದಿದ್ದು. ಹತ್ತು ವಾರ! ಮೊದಲನೇ ವಾರವೇ ತಟ್ಟೆಯಲ್ಲಿ ನಿಮ್ಮ ಕಚ್ಚು ಕಂಡಿರಬೇಕು. ಎರಡನೇ ಸಲ ಬಡಿಸಿಕೊಂಡ್ರಿ. "ಚೆನ್ನಾಗಿದೆ" ಅಂದ್ರಿ!

ಅಯ್ಯೋ, ನಗಿ. ಈಗಲಾದ್ರೂ ಜೋರಾಗಿ ನಗಿ.

ಭಾನುವಾರ ನಾನು ಎಲ್ಲಿ ಇರ್ತಿದ್ದೆ ಅಂತ ತಾನೇ? ಬಂಕಿನ ಕಾಫಿ ಅಂಗಡಿಯಲ್ಲಿ. ಏಲಕ್ಕಿ ಬನ್ನು ತಿಂತಾ ನೈಲಾನ್ ಬಗ್ಗೆ ಓದ್ತಿದ್ದೆ. ಹೊರಡೋ ಮುಂಚೆ ಅರ್ಧ ಗಂಟೆ ಕಾರಿನ ಕಿಟಕಿ ತೆಗೆದು ಕೂರ್ತಿದ್ದೆ, ಮೂಗು ಕೆಂಪಾಗಲಿ ಅಂತ. ಗಡ್ಡೆ ಕೊರೆಯೋ ಬೈರಿಗೆಯಿಂದ ಬಂಕಿನ ಹಿಂದಿನ ಹಿಮದ ಗುಡ್ಡೆಗೆ ನಾಲ್ಕು ತೂತು ಕೊರೀತಿದ್ದೆ, ಒದ್ದೆ ಇರಲಿ ಅಂತ. ಬಂಕಿನವನು ಕೇಳಿದ, ಅಲ್ಲಿ ಮೀನು ಇದೆಯಾ ಅಂತ. ನೋಡಬೇಕು ಅಂದೆ.

ಹೆದರಿಕೆ ಮಾವ. ಇಡೀ ಫಿನ್‌ಲೆಂಡಿನಲ್ಲಿ ಮಂಜುಗಡ್ಡೆ ಮೇಲೆ ಕಾಲಿಡಕ್ಕೆ ಹೆದರೋನು ನಾನೊಬ್ಬನೇ ಇರಬೇಕು. ಆಗ ನನಗೆ ಆರು ವರ್ಷ ವಯಸ್ಸು. ನಮ್ಮೂರಿನವರು ಒಂದು ಸೌನಾ ಕಟ್ಟಿ, ಹಲಗೆ ಬಂಡಿ ಮೇಲಿಟ್ಟು, ಕೆರೆ ನಡುವೆ ಎಳೆದುಕೊಂಡು ಹೋದರು. ಅದು ಏಪ್ರಿಲ್ ತಿಂಗಳು, ಗಡ್ಡೆ ಕರಗೋ ಕಾಲ. ಒಳಗೆ ಯಾರೂ ಇರಲಿಲ್ಲ, ಒಲೆ ಮಾತ್ರ ಹತ್ತಿಸಿದ್ದರು. ಇಡೀ ಸೌನಾ ನಿಧಾನಕ್ಕೆ ಕೆಳಗೆ ಹೋಯ್ತು. ಬಾಗಿಲು, ಕಿಟಕಿ, ಸೂರು. ಕೊನೆಗೆ ಚಿಮಣಿ ಒಂದೇ, ಹೊಗೆ ಬಿಡ್ತಾ. ಎಲ್ಲರೂ ಟೋಪಿ ತೆಗೆದು ನಿಂತಿದ್ದರು. ಅದು ಮುಳುಗೋವಾಗ ಮಾಡಿದ ಸದ್ದು... ಬುಸ್ ಅಂತ. ದೊಡ್ಡ ಮೃಗ ಒಂದು ನಿಟ್ಟುಸಿರು ಬಿಟ್ಟ ಹಾಗೆ.

ಹತ್ತು ಸೆಂಟಿಮೀಟರ್ ಗಡ್ಡೆ ಒಬ್ಬ ಮನುಷ್ಯನನ್ನ ಹೊರುತ್ತೆ. ಇಲ್ಲಿ ಐವತ್ತೆರಡು ಇದೆ, ಫಲಕದಲ್ಲಿ ಬರೆದಿದ್ದಾರೆ. ಲೆಕ್ಕ ನನಗೆ ಗೊತ್ತು. ಕಾಲಿಗೆ ಗೊತ್ತಿಲ್ಲ.

ಹೋಗಿ ಮಾವ. ಬೇರೆ ಯಾರನ್ನಾದ್ರೂ ಜೋಡಿ ಮಾಡ್ಕೊಳ್ಳಿ. ಹಿಲ್ಲಳಿಗೆ ನಾನೇ ಹೇಳ್ತೀನಿ. ಆದ್ರೆ ಒಂದು ಹೇಳಿ ಹೋಗಿ. ಮೊದಲನೇ ಭಾನುವಾರದಿಂದ ಗೊತ್ತಿದ್ರೆ ನನ್ನ ಹೆಸರು ಯಾಕೆ ಬರೆಸಿದ್ರಿ? ಹ್ಞಾಂ? ಯಾಕೆ?

ಕೋಲು ವಾಪಸ್ ಯಾಕೆ ಕೊಡ್ತೀರಿ? ಹಿಡಿದೆ. ಗಾಳ ನಿಮ್ಮ ಕೈಯಲ್ಲೇ ಇದೆಯಲ್ಲ... ಎಲ್ಲಿಗೆ ಹೊರಟ್ರಿ? ಮಾವ! ಗಾಳ ಹಿಡ್ಕೊಂಡು ಎಲ್ಲಿಗೆ?

ಓ. ಎಳೆಯೋದಾ? ಇಬ್ಬರು ಎರಡು ತುದಿ ಹಿಡಿದು? ಸರಿ. ಅದು ಸರಿಯಾದ ವಿಧಾನ. ಹೋಗಿ, ನಾನು ಇಲ್ಲೇ ನಿಂತು ಹಿಡೀತೀನಿ. ಬರ್ತಾ ಇದೆ, ರೀಲಿನಿಂದ ಬರ್ತಾ ಇದೆ. ಐದು ಮೀಟರ್. ಹತ್ತು. ಅಬ್ಬಾ, ಎಷ್ಟು ಸುರುಳಿ! ಹದಿನೈದು. ಇನ್ನು ಸಾಕು. ಇಪ್ಪತ್ತು ಮೀಟರೇ ಇರೋದು, ನೀವೇ ಸುತ್ತಿದ್ದು. ರೀಲು ಖಾಲಿ ಆಯ್ತು. ಗಂಟು ಕಾಣ್ತಾ ಇದೆ. ನಿಲ್ಲಿ.

ನಿಲ್ಲಿ ಅಂದೆ! ಬಿಗಿ ಆಯ್ತು. ಹಿಗ್ಗುತ್ತಾ ಇದೆ. ನೇರ ಆಗ್ತಾ ಇದೆ, ನಿಜವಾಗಿ ಆಗ್ತಾ ಇದೆ, ಆದ್ರೆ ನಿಲ್ಲಿ! ಎರಡೂವರೆ ಕಿಲೋಗೆ ಕಿತ್ತು ಹೋಗುತ್ತೆ! ಇದೊಂದೇ ದಾರ ಇರೋದು, ಬೇರೆ ತಂದಿಲ್ಲ! ತಿರುಗಿಯಾದ್ರೂ ನೋಡಿ!

ನೋಡಲ್ಲ. ಗೊತ್ತಿತ್ತು.

ಜಗ್ಗಬೇಡಿ. ಬರ್ತೀನಿ. ದಾರಕ್ಕೋಸ್ಕರ ಬರ್ತಾ ಇದೀನಿ, ನಿಮಗೋಸ್ಕರ ಅಲ್ಲ. ಒಂದು... ಸದ್ದು ಬಂತು! ಗಡ್ಡೆಯಾ, ಬೂಟಾ? ಬೂಟು. ಎರಡು. ಮೆಲ್ಲಗೆ ಹೋಗಿ ಮಾವ, ಒಂದೇ ಸಮನೆ. ಮೂರು. ನಾಲ್ಕು. ಯಾರೂ ನೋಡಬೇಡಿ. ಆ ನಾಯಿಗೆ ಹೇಳಿ, ನೋಡಬೇಡ ಅಂತ...

...

ನಿಂತ್ರಾ? ಇಲ್ಲೇನಾ?

ಸ್ಟೂಲು ಎರಡಿದೆ. ರೈಮೊ ಅವರದ್ದೂ ತಂದಿದ್ದೀರಿ. ಕೂರ್ತೀನಿ.

ದಾರ ನೋಡಿ ಮಾವ. ಒಂದು ಸುರುಳಿನೂ ಇಲ್ಲ. ಕಟ್ಟೆಯಿಂದ ಇಲ್ಲಿಗೆ ಎಣಿಸ್ಕೊಂಡೇ ಬಂದೆ. ಮೂವತ್ತನಾಲ್ಕು ಹೆಜ್ಜೆ.