ಹಿತ್ತಲ ಪಂಪಿನ ಸದ್ದು

ಆರ್ವಿಲ್ ಅವರ ಪತ್ನಿ ವರ್ನಾ ಅವರೇ, ಅವರ ಮಗಳು ರಾಂಡಾ, ಫಾದರ್ ಅವರೇ, ಕೌಂಟಿ ಕಚೇರಿಯ ಗೆಳೆಯರೇ, ಕೆಲಸ ಬಿಟ್ಟು ಬಂದಿರುವ ನೆರೆಹೊರೆಯವರೇ — ಎಲ್ಲರಿಗೂ ನಮಸ್ಕಾರ.

ನಾನು ಲಿಯೋನಾ ಕುಬಾಲಾ. ಹತ್ತೊಂಬತ್ತು ವರ್ಷ ನನ್ನ ಮೇಜು ಆರ್ವಿಲ್ ಯಾನೆಚ್ಕಾ ಅವರ ಮೇಜಿಗೆ ಎದುರಾಗಿತ್ತು. ಅವರು ಮನೆಮನೆಯ ಸೆಪ್ಟಿಕ್ ಟ್ಯಾಂಕ್ ತಪಾಸಣೆ ಮಾಡಿ ಬರುತ್ತಿದ್ದರು, ನಾನು ವರದಿ ಟೈಪ್ ಮಾಡುತ್ತಿದ್ದೆ. ಕಳೆದ ಮಂಗಳವಾರ ಅವರು ತೀರಿಕೊಂಡರು. ನನಗೆ ಇನ್ನೂ ಅಳು ಬಂದಿಲ್ಲ. ಬುಧವಾರ ಕಚೇರಿಗೆ ಹೋದೆ, ಇಬ್ಬರಿಗೂ ಕಾಫಿ ಹಾಕಿದೆ. ಆರಿಹೋದ ಮೇಲೆ ಎರಡು ಲೋಟವನ್ನೂ ತೊಳೆದಿಟ್ಟೆ. ಗುರುವಾರವೂ ಹಾಗೆಯೇ ಆಯಿತು. ಕೈಯಲ್ಲಿ ಈ ಕಾಗದವಿದೆ. ನೋಡಿಕೊಂಡೇ ಓದುತ್ತೇನೆ — ಕ್ಷಮಿಸಿ.

ಎರಡು ವರ್ಷದ ಹಿಂದೆ ಇದೇ ಸಭಾಂಗಣದಲ್ಲಿ ಟ್ಯಾಂಕ್ ನಿಯಮದ ಸಭೆಗೆ ಸೇರಿದ್ದೆವು. ಅಲ್ಲಿಯವರೆಗೆ, ಗಾಳಿ ಊದಿ ಕೊಳಚೆ ನೀರನ್ನು ಶುದ್ಧ ಮಾಡಿ ಅಂಗಳದ ಹುಲ್ಲಿಗೆ ಚಿಮ್ಮಿಸುವ ಟ್ಯಾಂಕ್ ಇರುವ ಪ್ರತಿ ಮನೆಗೂ ನಾಲ್ಕು ತಿಂಗಳಿಗೊಮ್ಮೆ ಪರವಾನಗಿ ಇರುವವರು ಬಂದು ನೋಡಬೇಕಿತ್ತು. ನಿಯಮ ಬದಲಾಗಿ, ಒಂದು ದಿನದ ಪಾಠ ಕೇಳಿದರೆ ಮನೆಯವರೇ ನೋಡಿಕೊಳ್ಳಬಹುದು ಎಂದಾಯಿತು. ಬೇಡ ಎಂದವರು ಆರ್ವಿಲ್ ಒಬ್ಬರೇ.

ಮಿಲ್ಟನ್ ಹ್ರುಸ್ಕಾ ಹಿಂದೆ ಕೂತಿದ್ದಾರೆ, ಅವರಿಗೆ ನೆನಪಿದೆ. ಎದ್ದು ನಿಂತು ಕೇಳಿದ್ದರು — "ಏನಯ್ಯಾ ಆರ್ವಿಲ್, ನನ್ನ ಕಕ್ಕಸಿನ ನೀರು ನಾನು ನೋಡ್ಕೊಳ್ಳೋಕೂ ನಿನ್ನ ಅಪ್ಪಣೆ ಬೇಕೇನು?"

"ನಿನ್ನ ನೀರು ನಿನ್ನ ಬೇಲಿ ಹತ್ರ ನಿಲ್ಲುತ್ತೆ ಅಂದ್ರೆ ಬೇಡಪ್ಪ. ನಿಲ್ಲಲ್ವಲ್ಲ ಅದು! ಇಳಿಜಾರಿನಲ್ಲಿ ನಿಮ್ಮಕ್ಕನ ಬಾವಿ ಇದೆ."

ಎಲ್ಲರೂ ನಕ್ಕರು. ನಾನೂ ನಕ್ಕೆ. ಆಮೇಲೆ ನಾನು ಎದ್ದು, ಬದಲಾವಣೆ ಒಳ್ಳೆಯದು, ಜನ ದಡ್ಡರಲ್ಲ ಎಂದು ಮಾತಾಡಿದೆ. ಆರ್ವಿಲ್ ಸೋತರು. ಮರುದಿನ ಬೆಳಿಗ್ಗೆ ನನ್ನ ಮೇಜಿನ ಮೇಲೆ ಒಂದು ಚೀಟಿ: 'ಪಾಠ ಯಾರು ಮಾಡ್ತಾರೆ ಅನ್ನೋ ಕಡೆ ನನ್ನ ಹೆಸರು ಹಾಕು.'

ಆ ಪಾಠ ನಿಮ್ಮಲ್ಲಿ ಬಹಳ ಜನ ಕೇಳಿದ್ದೀರಿ. ಈ ಸಭಾಂಗಣದ ಹಿತ್ತಲಲ್ಲಿರುವ ಟ್ಯಾಂಕಿನ ಸುತ್ತ ಎಲ್ಲರನ್ನೂ ನಿಲ್ಲಿಸುತ್ತಿದ್ದರಂತೆ. "ಬಾಯಿ ಮುಚ್ಚಿ. ಪಂಪು ಗುಂಯ್ ಅಂತಿದ್ಯಾ? ಅದು ಉಸಿರು. ಉಸಿರು ನಿಂತ್ರೆ ಒಳಗಿರೋದೆಲ್ಲ ಹಾಗೇ ಹುಲ್ಲಿನ ಮೇಲೆ ಚಿಮ್ಮುತ್ತೆ, ಮೊಮ್ಮಕ್ಕಳು ಅಲ್ಲೇ ಬರಿಗಾಲಲ್ಲಿ ಓಡ್ತವೆ." ಪ್ರತಿಯೊಬ್ಬರೂ 'ಕೇಳಿಸಿತು' ಅನ್ನುವವರೆಗೆ ಯಾರನ್ನೂ ಒಳಗೆ ಬಂದು ಕೂರಲು ಬಿಡುತ್ತಿರಲಿಲ್ಲವಂತೆ.

'ಅಂತೆ' ಎನ್ನುತ್ತಿದ್ದೇನೆ. ಯಾಕೆಂದರೆ ನಾನು ಹೋಗಲಿಲ್ಲ. ಪಾಠ ಮುಗಿಸಿದವರ ಪಟ್ಟಿ ಟೈಪ್ ಮಾಡುವವಳು ನಾನೇ. ನಿಯಮವನ್ನೇ ಟೈಪ್ ಮಾಡಿದವಳಿಗೆ ಪಾಠ ಯಾಕೆ ಎಂದುಕೊಂಡು, ಪಟ್ಟಿಯಲ್ಲಿ ನನ್ನ ಹೆಸರನ್ನೂ ಸೇರಿಸಿದೆ.

ವರ್ನಾ ಅವರೇ — ಇದನ್ನು ನಿಮ್ಮ ಮನೆಗೇ ಬಂದು ಹೇಳಬೇಕಿತ್ತು. ಎರಡು ಸಲ ಬಂದೆ. ಗೇಟಿನ ಹತ್ತಿರ ಕಾರು ನಿಲ್ಲಿಸಿ, ತಂದ ಅಡುಗೆಯನ್ನು ಹಾಗೇ ವಾಪಸ್ ಒಯ್ದೆ.

ಜನವರಿಯಲ್ಲಿ ಆರ್ವಿಲ್ ನಮ್ಮ ಮನೆಗೆ ಬಂದಿದ್ದರು. ಪಕ್ಕದವರು ವಾಸನೆಯೆಂದು ದೂರು ಕೊಟ್ಟಿದ್ದರು. ನೀರಿನ ಕ್ರಿಮಿ ಸಾಯಲು ಟ್ಯಾಂಕಿನ ಕೊಳವೆಗೆ ಅದಕ್ಕೆಂದೇ ಇರುವ ಕ್ಲೋರಿನ್ ಗುಳಿಗೆ ಹಾಕಬೇಕು; ನಾನು ಈಜುಕೊಳದ ಗುಳಿಗೆ ಹಾಕಿದ್ದೆ. ಕಣ್ಣಿಗೆ ಎಲ್ಲ ಗುಳಿಗೆಯೂ ಒಂದೇ ಥರ — ಬಿಳಿ, ದುಂಡಗೆ. ಕೆಳಗೆ ಹಳೆಯ ಸರಿಯಾದ ಗುಳಿಗೆ ಇನ್ನೂ ಉಳಿದಿದ್ದವು. ಎರಡೂ ಬೆರೆತರೆ ಏನಾಗುತ್ತದೆಂದು ಪಾಠದಲ್ಲಿ ಹೇಳುತ್ತಾರೆ. ಮೊದಲ ಅರ್ಧ ಗಂಟೆಯಲ್ಲೇ ಹೇಳುತ್ತಾರಂತೆ.

ಅವರು ಮುಚ್ಚಳ ತೆಗೆದರು. ಒಳಗಿನ ವಿಷಗಾಳಿ ನೇರ ಮುಖಕ್ಕೆ ಬಂತು. ಹುಲ್ಲಿನ ಮೇಲೆ ಕೂತುಬಿಟ್ಟರು. ಕಣ್ಣಿನಲ್ಲಿ ನೀರು, ಕೆಮ್ಮು. ನನ್ನ ಗಂಡ ಡ್ಯಾರೆಲ್ ಆಸ್ಪತ್ರೆಗೆ ಹೋಗೋಣ ಎಂದ. "ಬೇಡ ಮಾರಾಯ, ಪೈಪು ತಾ" ಎಂದರು. ದೂರ ನಿಂತು ನೀರು ಬಿಟ್ಟು, ತಾವೇ ಎಲ್ಲ ತೊಳೆದರು. ಆಮೇಲೆ ನನ್ನ ಕಡೆ ತಿರುಗಿದರು.

"ನೀನು ಪಾಠಕ್ಕೆ ಬಂದೇ ಇಲ್ಲ, ಅಲ್ವಾ ಲಿಯೋನಾ?"

"ಇಲ್ಲ."

"ನೋಟಿಸು ಬರೆದ್ರೆ ನಿನ್ನ ಕೆಲಸ ಹೋಗುತ್ತೆ. ಬರೆಯಲ್ಲ. ಶನಿವಾರ ಬಾ. ಮುಂದಿನ ಸಾಲಲ್ಲಿ ಕೂರು, ಹಿಂದೆ ಕೂತು ತೂಕಡಿಸ್ಬೇಡ."

ವರ್ನಾ ಅವರೇ, ಆ ಕೆಮ್ಮು ಸೀಡರ್ ಮರದ ಪರಾಗದಿಂದ ಎಂದು ಅವರು ನಿಮಗೆ ಹೇಳಿದ್ದರು. ಕಚೇರಿಯಲ್ಲೂ ಹಾಗೆಯೇ ಹೇಳಿದರು, ನನ್ನ ಎದುರಿಗೇ. ಅದು ಸೀಡರ್ ಅಲ್ಲ. ಹೃದಯ ನಿಂತಿತು ಎಂದು ವೈದ್ಯರು ಬರೆದಿದ್ದಾರೆ. ಅದಕ್ಕೂ ಇದಕ್ಕೂ ಸಂಬಂಧ ಇದೆಯೋ ಇಲ್ಲವೋ, ನನಗೆ ಗೊತ್ತಿಲ್ಲ. ಗೊತ್ತಿಲ್ಲ ಎನ್ನುವುದರ ಹಿಂದೆ ಅಡಗಿ ಕೂರಲು ಮಾತ್ರ ಆಗುತ್ತಿಲ್ಲ.

ಆ ಶನಿವಾರ ನಾನು ಹೋಗಲಿಲ್ಲ. ತಂಗಿ ಬರುತ್ತಾಳೆ ಎಂದೆ. ಮುಂದಿನ ಸಾಲಿನಲ್ಲಿ ಒಂದು ಕುರ್ಚಿ ಕೊನೆಯವರೆಗೂ ಖಾಲಿ ಇತ್ತು, ಅಲ್ಲಿ ಆರ್ವಿಲ್ ಯಾರನ್ನೂ ಕೂರಲು ಬಿಡಲಿಲ್ಲ ಎಂದು ಮಿಲ್ಟನ್ ಹೇಳಿದರು. ಅದು ಯಾರಿಗೆಂದು ಮಿಲ್ಟನ್ ಅವರಿಗೆ ಗೊತ್ತಿರಲಿಲ್ಲ.

ಇವತ್ತು ಬೆಳಿಗ್ಗೆ ನನ್ನ ಹೆಸರಿಗೆ ನಾನೇ ನೋಟಿಸು ಟೈಪ್ ಮಾಡಿದೆ. ಪಟ್ಟಿಯಿಂದ ಹೆಸರು ತೆಗೆದಿದ್ದೇನೆ, ಯಾಕೆಂದೂ ಬರೆದಿದ್ದೇನೆ. ಎರಡನ್ನೂ ಕಮಿಷನರರ ಕೈಗೆ ಕೊಟ್ಟು ಇಲ್ಲಿಗೆ ಬಂದೆ. ಸೋಮವಾರ ನನ್ನ ಮೇಜು ನನ್ನದಾಗಿರುತ್ತದೋ ಇಲ್ಲವೋ ಅವರು ನಿರ್ಧರಿಸುತ್ತಾರೆ. ಮುಂದಿನ ಪಾಠ ಯಾರೇ ಮಾಡಲಿ, ಆ ಕುರ್ಚಿಯಲ್ಲಿ ನಾನು ಕೂರುತ್ತೇನೆ.

ರಾಂಡಾ — ನಿನ್ನ ಪಕ್ಕದ ಕಿಟಕಿ ಸ್ವಲ್ಪ ತೆಗೆಯಮ್ಮ. ಹೌದು, ಹಿತ್ತಲ ಕಡೆಯದು.

ಎಲ್ಲರೂ ದಯವಿಟ್ಟು ಎದ್ದು ನಿಲ್ಲಿ. ಮಾತು ಬೇಡ. ಎಷ್ಟು ನಿಮಿಷ ಎಂದು ನಾನು ಹೇಳುವುದಿಲ್ಲ.

ಕೇಳಿಸಿದವರು ಕೂರಬಹುದು.