ಧೂಪದ ಸರಪಳಿ

ಹೇಳಬೇಕೋ ಬೇಡವೋ? ಮುಂದಿನ ಸೀಟಿನ ಚೀಲದಿಂದ ಸುಟ್ಟ ವಾಸನೆ ಬರುತ್ತಿತ್ತು. ಬಸ್ಸಿಗೆ ಬೆಂಕಿ ಬಿದ್ದ ಮೇಲೆ ಹೇಳಿ ಏನು ಪ್ರಯೋಜನ ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ, ಚೀಲ ಹಿಡಿದಿದ್ದ ಹುಡುಗಿ ಪಕ್ಕದಲ್ಲಿದ್ದ ತಂದೆಯತ್ತ ತಿರುಗಿದಳು. ಅವನ ಕೈಮೇಲೆಲ್ಲ ವೆಲ್ಡಿಂಗ್ ಕಿಡಿಯ ಕಲೆಗಳಿದ್ದವು.

“ಅಪ್ಪಾ, ಚರ್ಚಿನ ಧೂಪದ ಬಟ್ಟಲು ಎಷ್ಟು ತೊಳೆದ್ರೂ ವಾಸನೆ ಹೋಗಿಲ್ಲ.”

“ಹೋಗಲ್ಲ ಅದು.”

“ಆದ್ರೆ ಅದರ ಸರಪಳಿ ಚೆನ್ನಾಗಿ ಬೆಸೆದಿದೀಯ. ಇವತ್ತು ಪೂಜೇಲಿ ನಾನೇ ತೂಗೋದು.”

“ಎಡಗೈ ಎದೆ ಮೇಲಿರಲಿ, ಬಲಗೈಯಲ್ಲಿ ತೂಗು. ನಿಧಾನಕ್ಕೆ. ಬಾವಿಗೆ ಬಿಂದಿಗೆ ಬಿಟ್ಟ ಹಾಗಲ್ಲ.”

“ಚರ್ಚ್ ಒಳಗೆ ಕಾಲೇ ಇಡದ ನಿನಗೆ ಇದೆಲ್ಲ ಹೇಗೆ ಗೊತ್ತು?”

“ನಿನ್ನ ವಯಸ್ಸಲ್ಲಿ ನಾನೂ ಹಿಡೀತಿದ್ದೆ.”

ಹುಡುಗಿ ಚೀಲದ ಬಾಯಿ ತೆರೆದು ಒಳಗೆ ನೋಡಿದಳು.

“ಅಮ್ಮ ತೀರಿಕೊಂಡಾಗ ಅವಳ ಪೆಟ್ಟಿಗೆಗೆ ಧೂಪ ಹಾಕಿದ್ದೂ ಇದರಲ್ಲೇನಾ?”

“ಹೂಂ. ಆವತ್ತು ಪೂಜೆ ಮುಗಿಯೋ ತನಕ ಸರಪಳಿ ಕಿರ್ ಕಿರ್ ಅಂತಿತ್ತು.”

“ಅದಕ್ಕೇನಾ ಆಮೇಲೆ ಒಳಗೆ ಬಂದೇ ಇಲ್ಲ?”

ಅವನು ಕಿಟಕಿಯಾಚೆ ನೋಡಿದ.

“ಈಗ ಕೇಳು.” ಅವಳು ಚೀಲ ಅಲ್ಲಾಡಿಸಿದಳು. “ಕಿರ್ ಅನ್ನಲ್ಲ.”

“ನಿನಗೆ ಕೇಳಲ್ಲ. ನನಗೆ ಈಗಲೂ ಕೇಳುತ್ತೆ.”

“ಹಾಗಾದ್ರೆ ಒಳಗೆ ಬಂದು ನನ್ನ ಪಕ್ಕ ನಿಂತು ಕೇಳು. ದಿನಾ ಗೇಟಲ್ಲೇ ನಿಂತ್ರೆ ವಾಚ್‌ಮನ್ ಅಂದ್ಕೋತಾರೆ.”

ಅವರ ನಿಲ್ದಾಣ ಬಂತು. ಅವನು ಚೀಲವನ್ನು ತಾನೇ ತೆಗೆದುಕೊಂಡು, ಅಲ್ಲಾಡದಂತೆ ಎದೆಗೆ ಒತ್ತಿಕೊಂಡು ಇಳಿದ. ಬಸ್ಸು ಹೊರಟಾಗ ಇಬ್ಬರೂ ಗೇಟು ದಾಟಿ ಚರ್ಚಿನ ಮೆಟ್ಟಿಲು ಹತ್ತುತ್ತಿದ್ದರು. ಒಳಗೆ ಬರುತ್ತೇನೆ ಎಂದು ಅವನು ಮಗಳಿಗೆ ಹೇಳಲೇ ಇಲ್ಲ.