ಅತ್ತೆಮ್ಮನ ತೋಳಿನ ಗಂಟು

ಮಳೆ ಹಿಡಿದು ಮೂರು ದಿನವಾಗಿತ್ತು. ತೊಂಗ್ಯಾಂಗ್ ಪೇಟೆಯ ಆ ಅಂಗಡಿಯಲ್ಲಿ ಕುದುರೆಗೂದಲಿನ ಟೋಪಿಗಳು ಒಣಗುವಂತಿರಲಿಲ್ಲ. ಹೊಲಿಯುವ ಹೆಂಗಸರು ಅಡಿಯ ಒಲೆಯ ಕಾವಿಗೆ ಬೆಚ್ಚಗಿದ್ದ ನೆಲದ ಮೇಲೆ ಒತ್ತಾಗಿ ಕೂತು, ಬಟ್ಟೆ ಮಡಿಲಲ್ಲೇ ಬಿಟ್ಟು, ಅಂಗಡಿಯ ಒಡತಿ ಮುದುಕಿ ಪಿಲ್‌ನ್ಯೊಳ ಮುಖ ನೋಡಿದರು.

"ಇದನ್ನ ಹೇಳೋಕೆ ನಾನು ಯೋಗ್ಯಳೋ ಅಲ್ಲವೋ... ತಪ್ಪಿದ್ರೆ ಹೊಟ್ಟೆಗೆ ಹಾಕ್ಕೊಳ್ಳಿ. ನಮ್ಮಮ್ಮ ಸುಂದೊಕ್ ಈ ಮನೆಗೆ ಸೊಸೆಯಾಗಿ ಬಂದಾಗ ಅಪ್ಪ ಟೋಪಿ ಹೆಣೀತಿದ್ದ, ಅವನವ್ವ ನಿಲುವಂಗಿ ಹೊಲೀತಿದ್ಲು. ಆ ಅತ್ತೆಯ ಬಾಯಿ ಅಂದ್ರೆ ಬಾಯಿ. 'ಇದೊಂದು ಗಂಟೇನೇ? ಇದನ್ನ ನಂಬಿ ಗಂಡಸು ಬಗ್ಗಿದ್ರೆ ಮಾನ ಉಳಿಯುತ್ತಾ?' ಹದಿನೆಂಟು ವರ್ಷ ಇದೇ ಪಾಠ. ಒಂದಿನ ಬೈತಾ ಬೈತಾನೇ ಪ್ರಾಣ ಬಿಟ್ಲು... ಹೆಣದ ಬಟ್ಟೆ ಹೊಲಿಯೋಳು ಯಾರು? ಅಮ್ಮನೇ. ಅದರ ದಾರಕ್ಕೆ ಗಂಟು ಹಾಕಿದ್ರೆ ಜೀವ ಅಲ್ಲೇ ಸಿಕ್ಕಿಕೊಳ್ಳುತ್ತೆ ಅಂತ ನಿಮಗೆ ಹೇಳಬೇಕಾ? ಮಣ್ಣು ಮಾಡಿ ಬಂದ ಮೇಲೆ ಅಮ್ಮನಿಗೆ ನೆನಪಾಯ್ತು. ಆ ಬಟ್ಟೆಯ ಎಡತೋಳಿಗೆ ಗಂಟು ಬಿದ್ದುಹೋಗಿದೆ... ಅದೂ ಅತ್ತೆ ಮೆಚ್ಚೋಂಥ ಗಂಟು.

"ಶುರುವಾಯ್ತು ನೋಡಿ. ಸಡಿಲ ಹೊಲಿಗೆಯೆಲ್ಲ ಬೆಳಗಾಗೋದ್ರಲ್ಲಿ ಬಿಚ್ಚಿರೋದು. ಟೋಪಿ ಅಂಚು ಸೊಟ್ಟಗಿದ್ರೆ ಗೂಟದಿಂದ ಹಾರಿ ಅಪ್ಪನ ನೆತ್ತಿ ಮೇಲೇ ಬೀಳೋದು. ಅವನಿಗೆ ನಗು, ಅಮ್ಮನಿಗೆ ಭಯ. ಕೊನೆಗೆ ಗಂಟು ಬಿದ್ದಿದ್ದನ್ನ ಅತ್ತು ಒಪ್ಪಿಕೊಂಡ್ಲು. 'ಅಳ್ತೀಯಾಕೆ? ಸಮಾಧಿ ತೆಗೆದು ಗಂಟು ಕತ್ತರಿಸಿಬಿಡೋಣ, ಅವ್ವ ಹಾಯಾಗಿ ಹೋಗ್ಲಿ' ಅಂದ ಅಪ್ಪ. 'ಮೊದಲು ಅವರನ್ನೇ ಕೇಳೋಣ' ಅಂತ ಅಮ್ಮ, ಕತ್ತರಿ ಪಕ್ಕ ಒಂದೆಳೆ ದಾರ ಇಟ್ಟು, 'ಅತ್ತೆಮ್ಮಾ, ಹೋಗೋ ಮನಸ್ಸಿದ್ರೆ ಈ ದಾರ ಕತ್ತರಿಸಿ' ಅಂತ ಅಡ್ಡಬಿದ್ಲು.

"ಬೆಳಗ್ಗೆ ನೋಡಿದ್ರೆ... ಕತ್ತರಿ ಅಕ್ಕಿ ಮಡಕೆಯೊಳಗೆ ಬಚ್ಚಿಟ್ಟಿದೆ. ದಾರದ ಉದ್ದಕ್ಕೂ ಗಂಟು, ಗಂಟಿನ ಮೇಲೆ ಗಂಟು. ಅಮ್ಮ ಅಳ್ತಾ ನಗ್ತಾ ಅಂಗಳದಲ್ಲಿ ಕುಣಿದ್ಲು. ಸತ್ತ ಅತ್ತೆಗೆ ಹುಟ್ಟಿದ ದಿನಕ್ಕೆ ಮಾಡ್ತೀವಲ್ಲ, ಆ ಕಡಲಪಾಚಿ ಸಾರು ಮಾಡಿ ಬಡಿಸಿದ್ಲು.

"ಹಾಗ್ಯಾಕೆ ನೋಡ್ತೀರಾ? ನಾನು ಮಾತಾಡುವಾಗ ನೀವ್ಯಾರೂ ಸೂಜಿ ಮುಟ್ಟಿಲ್ಲ ಅಲ್ವಾ? ಮಡಿಲು ನೋಡ್ಕೊಳ್ಳಿ."

ಅರ್ಧಕ್ಕೆ ನಿಂತಿದ್ದ ಹೊಲಿಗೆಗಳೆಲ್ಲ ಮುಗಿದಿದ್ದವು. ಒಂದೊಂದರ ಕೊನೆಗೂ ಬಿಗಿಯಾದ ಗಂಟು.

ಪಿಲ್‌ನ್ಯೊ ನಕ್ಕಳು. "ಒಂದು ಮಾತ್ರ ಇವತ್ತಿಗೂ ಗೊತ್ತಿಲ್ಲ... ಆವತ್ತು ಅಮ್ಮ ಮರೆತು ಗಂಟು ಹಾಕಿದ್ಲೋ, ಬೇಕೂಂತ್ಲೇ ಹಾಕಿದ್ಲೋ. ಎಷ್ಟು ಕೇಳಿದ್ರೂ ಹೇಳ್ಲಿಲ್ಲ."